ವೆಬ್‌ಸೈಟ್ ಮಾಡಿಸಿದ್ರೂ ಫೋನ್ ಬರ್ತಿಲ್ಲ, ಅದ್ರಲ್ಲಿ ಏನು ಬರೀಬೇಕು?

ಪ್ರಶ್ನೆ: ದಾವಣಗೆರೆಲಿ ನಮ್ದು ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ, ಅಂದ್ರೆ ಸುಟ್ಟ ಮೋಟರ್‌ಗೆ ಹೊಸಾ ತಂತಿ ಸುತ್ತೋ ಕೆಲಸ. ಮೋಟರ್ ಎತ್ತೋದು, ಇಳಿಸೋದೂ ಮಾಡ್ತೀವಿ. ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಿದ್ವಿ, ನೋಡೋಕೆ ಚೆನ್ನಾಗೇ ಐತೆ, ಆದ್ರೆ ಅದನ್ನ ನೋಡಿ ಒಬ್ರೂ ಫೋನ್ ಮಾಡ್ತಿಲ್ಲ. ಏನು ಬರೆದ್ರೆ ಮಾಡ್ತಾರೆ?

ಉತ್ತರ: ಮೊದ್ಲು ನಿಮ್ಮ ಪೇಜಿನ ಮೊದಲ್ನೇ ಸಾಲು ನೋಡ್ರಿ. "ಗ್ರಾಹಕರ ಸಂತೃಪ್ತಿಯೇ ನಮ್ಮ ಗುರಿ", "ಗುಣಮಟ್ಟಕ್ಕೆ ಇನ್ನೊಂದು ಹೆಸರು" ಅಂತೇನಾದ್ರೂ ಇದ್ರೆ ಇವತ್ತೇ ತೆಗೆದುಹಾಕಿ. ಆ ಸಾಲನ್ನ ಹಂಗೇ ಎತ್ತಿ ಬೇಕರಿ ಸೈಟಿಗೆ ಹಾಕಿದ್ರೂ ನಡೆಯತ್ತೆ, ಮದುವೆ ಛತ್ರಕ್ಕೆ ಹಾಕಿದ್ರೂ ನಡೆಯತ್ತೆ, ಅಂದ್ರೆ ನಿಮ್ಮ ಬಗ್ಗೆ ಅದು ಏನೂ ಹೇಳ್ತಿಲ್ಲ ಅಂತ ಅರ್ಥ.

ಈಗ ಅದನ್ನ ಓದೋರು ಯಾರು ಅಂತ ಯೋಚ್ನೆ ಮಾಡಿ. ಏಪ್ರಿಲ್ ತಿಂಗಳು, ಚನ್ನಗಿರಿ ಕಡೆ ಅಡಿಕೆ ತೋಟ, ಮೋಟರ್ ನಿಂತೋಗಿದೆ, ಮನುಷ್ಯ ಬಿಸಿಲಲ್ಲಿ ಸ್ಟಾರ್ಟರ್ ಡಬ್ಬಿ ಪಕ್ಕ ನಿಂತ್ಕೊಂಡು ಒಂದು ಕೈಲಿ ಫೋನ್ ಹಿಡಿದು ಹುಡುಕ್ತಿದಾನೆ. ನಿಮ್ಮ ಕಂಪನಿ ಇತಿಹಾಸ ಅವನಿಗೆ ಬೇಡ. ಅವನಿಗೆ ಏನು ಬೇಕು ಅಂತ ನಿಮ್ಗೆ ಆಗ್ಲೇ ಗೊತ್ತು, ಯಾಕಂದ್ರೆ ಪರಿಚಯದೋರು ಫೋನ್ ಮಾಡಿದಾಗ ದಿನಾ ಅದನ್ನೇ ಕೇಳ್ತಾರೆ: ಅಣ್ಣಾ ನಮ್ಮ ಕಡೆ ಬರ್ತೀರಾ, ಯಾವಾಗ ಬರ್ತೀರಾ, ಎತ್ತೋ ಗಾಡಿ ನಿಮ್ದೇನಾ ನಾವೇ ತರಬೇಕಾ, ಎಷ್ಟಾಗತ್ತೆ, ಎಷ್ಟು ದಿನಕ್ಕೆ ಕೊಡ್ತೀರಾ, ಮತ್ತೆ ಸುಟ್ರೆ ಏನು ಮಾಡೋದು. ಅಂಗಡಿ ಫೋನ್ ಪಕ್ಕ ಒಂದು ನೋಟ್‌ಬುಕ್ ಇಡಿ, ಸ್ವಲ್ಪ ದಿನ ಬರೋ ಪ್ರಶ್ನೆ ಎಲ್ಲಾ ಅವರು ಕೇಳಿದ ಮಾತಲ್ಲೇ ಬರ್ಕೊಳ್ಳಿ. ಹೆಚ್ಚು ಸಲ ಬಂದಿದ್ದು ಮೇಲೆ, ಕಮ್ಮಿ ಬಂದಿದ್ದು ಕೆಳಗೆ. ನಿಮ್ಮ ವೆಬ್‌ಸೈಟ್ ಅಂದ್ರೆ ಆ ಪ್ರಶ್ನೆಗಳಿಗೆ ಉತ್ತರ, ಅಷ್ಟೇ.

ನಾನಾಗಿದ್ರೆ ಹಿಂಗೆ ಶುರು ಮಾಡ್ತಿದ್ದೆ: "ಬೋರ್ ಮೋಟರ್ ಸುಟ್ಟಿದ್ಯಾ? ನಾವೇ ಗಾಡಿ ತಂದು ಎತ್ತಿ, ವೈಂಡಿಂಗ್ ಮಾಡಿ, ವಾಪಸ್ ಇಳಿಸಿ, ನೀರು ಬಂದಿದ್ದು ನೋಡಿ ಹೋಗ್ತೀವಿ. ಫೋನ್ ಮಾಡೋವಾಗ ಮೋಟರ್ ಎಷ್ಟು ಎಚ್‌ಪಿ, ಎಷ್ಟು ಅಡಿಗೆ ಇಳಿಸಿದ್ದು, ಪೈಪ್ ಕಬ್ಬಿಣದ್ದೋ ಪ್ಲಾಸ್ಟಿಕ್‌ದೋ ಹೇಳಿ." ಅದ್ರ ಕೆಳಗೇ ದೊಡ್ಡದಾಗಿ ನಂಬರ್, ಒತ್ತಿದ್ರೆ ನೇರ ಕಾಲ್ ಹೋಗಬೇಕು. ಎಚ್‌ಪಿ, ಅಡಿ, ಪೈಪ್ ಕೇಳೋ ಆ ಸಾಲು ತುಂಬಾ ಕೆಲಸ ಮಾಡತ್ತೆ ಕಣ್ರಿ, ಇವ್ರಿಗೆ ಕೆಲಸ ಗೊತ್ತಿದೆ ಅಂತ ಓದೋನಿಗೆ ಅನ್ಸೋದೇ ಅಲ್ಲಿ, "ಅನುಭವಿ ತಂತ್ರಜ್ಞರು" ಅಂತ ಹತ್ತು ಸಲ ಬರೆದ್ರೂ ಹಂಗೆ ಅನ್ಸಲ್ಲ.

ಊರುಗಳ ಹೆಸರು ಬಿಡಿಸಿ ಬರೀರಿ. "ದಾವಣಗೆರೆ ಜಿಲ್ಲೆಯಾದ್ಯಂತ" ಅಂದ್ರೆ ಸಾಕಾಗಲ್ಲ. ಹರಪನಹಳ್ಳಿ 1997ರಿಂದ ನಮ್ಮ ಜಿಲ್ಲೆಲಿತ್ತು, 2018ರಲ್ಲಿ ಬಳ್ಳಾರಿಗೆ ಹೋಯ್ತು, ಈಗ ವಿಜಯನಗರ ಜಿಲ್ಲೆ, ಭರಮಸಾಗರ ಚಿತ್ರದುರ್ಗದ್ದು. ಅಲ್ಲಿಗೆಲ್ಲಾ ನೀವು ಹೋಗೋದಾದ್ರೆ ಆ ಹೆಸರು ಪೇಜಲ್ಲಿ ಇರಬೇಕು, ಇಲ್ಲಾಂದ್ರೆ ಇವ್ರು ನಮ್ಮ ಕಡೆ ಬರಲ್ಲ ಅಂದ್ಕೊಂಡು ಮುಂದಕ್ಕೆ ಹೋಗ್ತಾರೆ. ಹೋಗಲ್ಲ ಅನ್ನೋ ಊರಿನ ಹೆಸರು ಮಾತ್ರ ಹಾಕ್ಬೇಡಿ.

ರೇಟ್ ವಿಷ್ಯ. ಎಲ್ರೂ ಮುಚ್ಚಿಡ್ತಾರೆ, ಪಕ್ಕದ ಅಂಗಡಿಯೋನು ನೋಡ್ಬಿಡ್ತಾನೆ ಅಂತ. ಅವನಿಗೆ ನಿಮ್ಮ ರೇಟ್ ಆಗ್ಲೇ ಗೊತ್ತಿರತ್ತೆ ಬಿಡಿ. ಪಕ್ಕಾ ರೇಟ್ ಹೇಳೋಕೆ ಆಗಲ್ಲ ಅಂದ್ರೆ ಇಷ್ಟರಿಂದ ಇಷ್ಟರವರೆಗೆ ಅಂತ ಬರೆದು, ಯಾತಕ್ಕೆ ಜಾಸ್ತಿ ಆಗತ್ತೆ ಅನ್ನೋದನ್ನೂ ಹೇಳಿ: ಎಚ್‌ಪಿ, ಆಳ, ತಾಮ್ರದ ತಂತಿ ರೇಟ್, ದೂರ.

ನಂಬಿಕೆ ಹುಟ್ಟೋದು ಎಲ್ಲಿ ಅಂದ್ರೆ, ಮೋಟರ್ ಯಾಕೆ ಸುಡತ್ತೆ ಅಂತ ನೀವು ಬರೆದಾಗ. ತ್ರೀಫೇಸಲ್ಲಿ ಒಂದು ಫೇಸ್ ಹೋಗಿ ಎರಡರ ಮೇಲೇ ಓಡಿದ್ರೆ ವೈಂಡಿಂಗ್ ಸುಡತ್ತೆ, ವೋಲ್ಟೇಜ್ ಬಿದ್ರೆ ಮೋಟರ್ ಜಾಸ್ತಿ ಕರೆಂಟ್ ಎಳೆದು ಕಾಯತ್ತೆ, ಬೋರಲ್ಲಿ ನೀರಿಳಿದು ಒಣಗಿದ್ದೇ ಓಡಿದ್ರೂ ಹೋಗತ್ತೆ. ನಿಮ್ಗೆ ಇದು ಮಾಮೂಲಿ ಮಾತು. ರೈತನಿಗೆ ಮಾತ್ರ ಮತ್ತೆ ಮತ್ತೆ ದುಡ್ಡು ಸುರಿಯೋದು ಯಾಕೆ ಅಂತ ಮೊದಲ ಸಲ ಯಾರೋ ಬಿಡಿಸಿ ಹೇಳ್ದಂಗೆ. ಜೊತೆಗೆ ಸುಟ್ಟ ವೈಂಡಿಂಗ್ ಫೋಟೋ ಒಂದು, ಅದೇ ಮೋಟರ್‌ಗೆ ಹೊಸಾ ತಂತಿ ಸುತ್ತಿದ್ದು ಒಂದು, ಎರಡೂ ನಿಮ್ಮ ಅಂಗಡಿಲೇ ತೆಗೆದಿದ್ದು. ಹೆಲ್ಮೆಟ್ ಹಾಕ್ಕೊಂಡ ಫಾರಿನ್ ಇಂಜಿನಿಯರ್ ನಗ್ತಿರೋ ಫೋಟೋ ಸೈಟಲ್ಲಿದ್ರೆ ಅದನ್ನ ಕಿತ್ತುಹಾಕ್ಸಿ. ಗ್ಯಾರಂಟಿ ಕೊಡ್ತೀರಾದ್ರೆ ಎಷ್ಟು ತಿಂಗಳು, ಯಾವುದಕ್ಕೆ ಇಲ್ಲ ಅನ್ನೋದು ಅಲ್ಲೇ ಇರ್ಲಿ, ಆಮೇಲೆ ಜಗಳ ಆಗಲ್ಲ.

ಗೂಗಲ್ ಬಗ್ಗೆ ಸ್ವಲ್ಪ. ಅಕ್ಷರ ಎಲ್ಲಾ ಪೋಸ್ಟರ್ ಥರ ಚಿತ್ರದೊಳಗೇ ಇದ್ರೆ ಹುಡುಕಾಟದಲ್ಲಿ ಅದನ್ನ ನೆಚ್ಚಿಕೊಳ್ಳೋಕಾಗಲ್ಲ, ಟೈಪ್ ಮಾಡಿದ ಪಠ್ಯ ಇರಬೇಕು, ಪೇಜಿನ ಟೈಟಲ್ಲಲ್ಲಿ ಕೆಲಸದ ಹೆಸರು ಮತ್ತೆ ಊರು ಎರಡೂ ಇರಬೇಕು. ಕೀವರ್ಡ್ ಮೆಟಾ ಟ್ಯಾಗ್ (ಪೇಜಿನ ಕೋಡಲ್ಲಿ ಓದೋರಿಗೆ ಕಾಣದಂಗೆ ಇಡೋ ಹುಡುಕಾಟದ ಪದಗಳ ಪಟ್ಟಿ) ತುಂಬಿಸ್ತೀವಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡಿ, ರ್‍ಯಾಂಕಿಂಗಿಗೆ ಅದನ್ನ ನೋಡಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದ್ರೆ ಗೂಗಲ್ ಹುಡುಕಾಟದಲ್ಲೂ ಮ್ಯಾಪಲ್ಲೂ ಅಂಗಡಿ ವಿವರ ತೋರಿಸೋ ಪುಟ, ಫ್ರೀ, ಅದನ್ನ ಮಾಡ್ಕೊಂಡು, ಸೈಟಲ್ಲಿರೋ ಹೆಸರು ವಿಳಾಸ ನಂಬರನ್ನೇ ಅಲ್ಲೂ ಹಾಕಿ.

ಭಾಷೆ ಕನ್ನಡವೇ ಇರ್ಲಿ. ಅಪಾರ್ಟ್‌ಮೆಂಟ್, ಫ್ಯಾಕ್ಟರಿ ಕೆಲ್ಸನೂ ಹಿಡಿತೀರಾದ್ರೆ ಇಂಗ್ಲಿಷಿಗೆ ಬೇರೆ ಪೇಜ್ ಮಾಡಿ, ಒಂದೇ ಪೇಜಲ್ಲಿ ಎರಡನ್ನೂ ಕಲಸಬೇಡಿ.

ಇನ್ನೊಂದು, ಫೋನ್ ಎತ್ತೋ ಟೈಮ್ ಬರೀರಿ. ಹೊಲಕ್ಕೆ ತ್ರೀಫೇಸ್ ಪಾಳಿ ಮೇಲೆ ಬರೋದ್ರಿಂದ ಮೋಟರ್ ಹೋಗಿದ್ದು ಎಷ್ಟೋ ಸಲ ಗೊತ್ತಾಗೋದೇ ರಾತ್ರಿ. ಆಗ ನೀವು ಎತ್ತಲ್ಲ ಅಂದ್ರೆ "ರಾತ್ರಿ ಆದ್ರೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಹಾಕಿ, ಬೆಳಗ್ಗೆ ಅಂಗಡಿ ತೆಗೆದ ತಕ್ಷಣ ನಾವೇ ಫೋನ್ ಮಾಡ್ತೀವಿ" ಅಂತ ನಂಬರ್ ಪಕ್ಕದಲ್ಲೇ ಬರೆದಿಡಿ, ಮತ್ತೆ ಬೆಳಗ್ಗೆ ಎದ್ದು ಮಾಡಿ.