ಗಿಂಪ್ ಟಿಪ್ಪಣಿ: ಬ್ರಷ್ ಓಡುತ್ತದೆ, ಬಣ್ಣ ಬೀಳುವುದಿಲ್ಲ, ಏಕೆ?

ಫೋಟೊ ತಿದ್ದುವ ಉಚಿತ ತಂತ್ರಾಂಶವಾದ ಗಿಂಪ್‌ನಲ್ಲಿ ಹೊಸಬರು ಸಿಕ್ಕಿಬೀಳುವುದು ಬಹುಮಟ್ಟಿಗೆ ಒಂದೇ ಜಾಗದಲ್ಲಿ. ಹಿಡಿದ ಟೂಲ್ ಸರಿಯಾಗಿಯೇ ಇರುತ್ತದೆ. ಅದು ಈಗ ಯಾವುದರ ಮೇಲೆ ಕೆಲಸ ಮಾಡುತ್ತಿದೆ ಎಂಬುದು ಗೊತ್ತಿರುವುದಿಲ್ಲ. ಹಾಗಾಗಿ ಜೂಮ್, ಪೆನ್ಸಿಲ್, ಬಕೆಟ್ ಫಿಲ್ ಇವನ್ನೆಲ್ಲ ಬಿಟ್ಟು, ತೊಡಕಾಗುವ ಕಡೆಗಳನ್ನಷ್ಟೇ ಇಲ್ಲಿ ಬಿಡಿಸಿ ಬರೆದಿದೆ. ಉದಾಹರಣೆಗೆ ಹಿಡಿದಿರುವುದು ಮೈಸೂರು, ಮಂಡ್ಯ ಸುತ್ತ ಯಾರ ಫೋನಿನಲ್ಲಾದರೂ ಸಿಗುವಂಥ ಫೋಟೊಗಳು.

ಮೊದಲು ನೋಡಬೇಕಾದ ಮೂರು

ಬಣ್ಣ ಬೀಳಲಿಲ್ಲವೆಂದರೆ ಮೊದಲು ಸೆಲೆಕ್ಷನ್, ಅಂದರೆ ಚಿತ್ರದಲ್ಲಿ ಆಯ್ದುಕೊಂಡ ಭಾಗ, ನೋಡಿ. ಯಾವುದೋ ಮೂಲೆಯಲ್ಲಿ ಹತ್ತು ಪಿಕ್ಸೆಲ್‌ನಷ್ಟು ಸೆಲೆಕ್ಷನ್ ಉಳಿದಿದ್ದರೂ ಸಾಕು, ಅದರ ಹೊರಗೆ ಬ್ರಷ್ ನಾಟುವುದಿಲ್ಲ. ಚಿತ್ರವನ್ನು ಹಿಗ್ಗಿಸಿ ನೋಡುತ್ತಿರುವಾಗ ಆ ಓಡುವ ಚುಕ್ಕೆಗೆರೆ ಪರದೆಯ ಆಚೆ ಇರುತ್ತದೆ, ಕಣ್ಣಿಗೇ ಬೀಳುವುದಿಲ್ಲ. ಕಂಟ್ರೋಲ್-ಶಿಫ್ಟ್-ಎ ಒತ್ತಿ, ಸೆಲೆಕ್ಷನ್ ಹೋಗುತ್ತದೆ.

ಎರಡನೆಯದು ಲೇಯರ್, ಅಂದರೆ ಒಂದರ ಮೇಲೊಂದು ಇಟ್ಟ ಹಾಳೆಯಂಥ ಚಿತ್ರದ ಪದರ. ಪಟ್ಟಿಯಲ್ಲಿ ಬೇರೆ ಲೇಯರ್ ಆಯ್ಕೆಯಾಗಿದ್ದರೆ ನೀವು ಬಳಿದದ್ದು ಮೇಲಿನ ಲೇಯರ್‌ನ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಲೇಯರ್ ಚಿತ್ರಕ್ಕಿಂತ ಚಿಕ್ಕದಾಗಿದ್ದರೂ ಇದೇ ಪಾಡು: ಹಳದಿ-ಕಪ್ಪು ತುಂಡುಗೆರೆಯ ಆಚೆ ಬಣ್ಣ ಹೋಗುವುದಿಲ್ಲ. ಲೇಯರ್ ಮೆನುವಿನಲ್ಲಿ ‘ಲೇಯರ್ ಟು ಇಮೇಜ್ ಸೈಜ್’ ಕೊಟ್ಟರೆ ಸರಿಹೋಗುತ್ತದೆ. ಪೇಸ್ಟ್ ಮಾಡಿದ ಕೂಡಲೇ ಪಟ್ಟಿಯಲ್ಲಿ ‘ಫ್ಲೋಟಿಂಗ್ ಸೆಲೆಕ್ಷನ್’ ಎಂದು ಬಂದರೆ, ಅದನ್ನು ಹೊಸ ಲೇಯರ್ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಗಿಂಪ್‌ನ 2.10 ಆವೃತ್ತಿಯಲ್ಲಿ ಇದು ಪದೇಪದೇ ಕಾಡುತ್ತದೆ, 3.0ರಲ್ಲಿ ಪೇಸ್ಟ್ ನೇರವಾಗಿ ಹೊಸ ಲೇಯರ್ ಆಗಿಯೇ ಕೂರುತ್ತದೆ.

ಮೂರನೆಯದು ಆಲ್ಫಾ, ಅಂದರೆ ಪಾರದರ್ಶಕತೆಯ ಚಾನೆಲ್. ಜೆಪೆಗ್ ಫೋಟೊ ತೆರೆದು ಎರೇಸರ್ ಎಳೆದರೆ ಅಳಿಸಿದ ಜಾಗದಲ್ಲಿ ಪಾರದರ್ಶಕತೆ ತೋರಿಸುವ ಚೌಕುಳಿಯ ಬದಲು ಬಿಳಿಯೋ ಬೇರೆ ಹಿನ್ನೆಲೆ ಬಣ್ಣವೋ ಬರುತ್ತದೆ. ಜೆಪೆಗ್‌ನಲ್ಲಿ ಆಲ್ಫಾ ಇರುವುದೇ ಇಲ್ಲ, ಅದಕ್ಕೆ. ಪಟ್ಟಿಯಲ್ಲಿ ಲೇಯರ್ ಹೆಸರು ದಪ್ಪಕ್ಷರದಲ್ಲಿದ್ದರೆ ಆಲ್ಫಾ ಇಲ್ಲವೆಂದೇ ಅರ್ಥ. ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ‘ಆ್ಯಡ್ ಆಲ್ಫಾ ಚಾನೆಲ್’ ಕೊಡಿ.

ಓರೆ ಫೋಟೊ

ಕೆಆರ್‌ಎಸ್ ಅಣೆಕಟ್ಟಿನ ಫೋಟೊ ಓರೆಯಾಗಿದ್ದರೆ ಕೈಯಂದಾಜಿನಲ್ಲಿ ತಿರುಗಿಸುವ ಬದಲು ಮೆಷರ್ ಟೂಲ್ ಹಿಡಿಯಿರಿ. ನೇರವಿರಬೇಕಾದ ಗೆರೆಯ ಉದ್ದಕ್ಕೂ ಎಳೆದು ‘ಸ್ಟ್ರೈಟನ್’ ಒತ್ತಿದರೆ ಆಯಿತು. ಗೆರೆ ಯಾವುದು ಎಂಬುದರಲ್ಲಿ ಎಚ್ಚರ ಬೇಕು. ಪಕ್ಕದಿಂದ ತೆಗೆದ ಫೋಟೊದಲ್ಲಿ ಅಣೆಕಟ್ಟಿನ ಮೇಲಂಚು ದೂರಕ್ಕೆ ಇಳಿದಂತೆ ಕಾಣುವುದು ಸಹಜ, ಅದನ್ನು ಮಟ್ಟ ಮಾಡಿದರೆ ಇಡೀ ಚಿತ್ರ ವಾಲುತ್ತದೆ. ಚಿತ್ರದ ನಡುವಿನ ಒಂದು ದೀಪದ ಕಂಬವನ್ನು ಹಿಡಿಯುವುದು ಕ್ಷೇಮ.

ಅಡ್ಡ ಬಂದ ವೈರು

ದೊಡ್ಡ ಗಡಿಯಾರದ ಫೋಟೊದಲ್ಲಿ ಆಕಾಶಕ್ಕೆ ಅಡ್ಡಲಾಗಿ ವೈರು ಬಂದಿದೆ ಎಂದುಕೊಳ್ಳಿ. ಮೂಲ ಫೋಟೊ ಮುಟ್ಟದೆ, ಅದರ ಮೇಲೊಂದು ಖಾಲಿ ಲೇಯರ್ ಮಾಡಿ, ಟೂಲ್ ಆಪ್ಷನ್‌ನಲ್ಲಿ ‘ಸ್ಯಾಂಪಲ್ ಮರ್ಜ್ಡ್’ ಗುರುತು ಹಾಕಿ. ಇದನ್ನು ಮರೆತರೆ ಖಾಲಿ ಲೇಯರ್‌ನಿಂದ ಖಾಲಿಯನ್ನೇ ನಕಲು ಮಾಡುತ್ತಿರುತ್ತೀರಿ. ಬರೀ ಆಕಾಶವಿರುವ ಕಡೆ ಹೀಲ್ ಟೂಲ್ ಚೆನ್ನ. ಗೋಪುರದ ಅಂಚಿಗೆ ಬಂದಾಗ ಹೀಲ್ ಬಿಟ್ಟು, ಇದ್ದದ್ದನ್ನು ಇದ್ದಂತೆಯೇ ನಕಲು ಮಾಡುವ ಕ್ಲೋನ್ ಟೂಲ್‌ಗೆ ಬನ್ನಿ. ಹೀಲ್ ಸುತ್ತಲಿನ ಬಣ್ಣವನ್ನು ಬೆರೆಸಿ ಹೊಂದಿಸುತ್ತದೆ, ಹಾಗಾಗಿ ಗೋಡೆಯ ಬಣ್ಣ ಆಕಾಶಕ್ಕೆ ಹರಿದು ಕೊಳೆಯಂತೆ ಕಾಣುತ್ತದೆ. ಕಂಟ್ರೋಲ್ ಹಿಡಿದು ವೈರಿನ ಪಕ್ಕದ ಆಕಾಶವನ್ನು ಕ್ಲಿಕ್ ಮಾಡಿ, ವೈರಿನ ಒಂದು ತುದಿಯಲ್ಲಿ ಒಮ್ಮೆ ಒತ್ತಿ, ಶಿಫ್ಟ್ ಹಿಡಿದು ಇನ್ನೊಂದು ತುದಿಯಲ್ಲಿ ಒತ್ತಿ. ಎರಡರ ನಡುವೆ ಬ್ರಷ್ ನೇರ ಗೆರೆಯಲ್ಲಿ ಹರಿಯುತ್ತದೆ. ಜೋತುಬಿದ್ದ ವೈರಾದರೆ ನಾಲ್ಕೈದು ತುಂಡು ಮಾಡಿಕೊಂಡು ಹೀಗೇ ಹೋಗಿ.

ಲೇಯರ್ ಮಾಸ್ಕ್: ಇಲ್ಲಿ ನಿಧಾನಿಸಿ

ಮೈಸೂರು ಅರಮನೆಯ ದೀಪಾಲಂಕಾರವನ್ನೇ ಹಿಡಿಯೋಣ. ದೀಪಕ್ಕೆ ಸರಿಹೊಂದುವಂತೆ ಫೋಟೊ ತೆಗೆದರೆ ಆಕಾಶ ಕಪ್ಪಾಗಿ ಸತ್ತಂತಿರುತ್ತದೆ. ಅರಮನೆ ಪೂರ್ವಾಭಿಮುಖ, ಎದುರು ನಿಂತವರಿಗೆ ಅರಮನೆಯ ಹಿಂದೆ ಕಾಣುವುದು ಪಡುವಣ ಆಕಾಶ. ಹಾಗಾಗಿ ದೀಪ ಹತ್ತುವ ಮೊದಲೇ, ಮುಸ್ಸಂಜೆಯ ನೀಲಿ ಉಳಿದಿರುವಾಗ, ಟ್ರೈಪಾಡ್ ಅಲುಗಿಸದೆ ಇನ್ನೊಂದು ಫೋಟೊ ತೆಗೆದಿಟ್ಟುಕೊಂಡರೆ ಎರಡನ್ನೂ ಕೂಡಿಸಬಹುದು.

ಮುಸ್ಸಂಜೆಯ ಫೋಟೊ ತೆರೆಯಿರಿ. ‘ಓಪನ್ ಆ್ಯಸ್ ಲೇಯರ್ಸ್’ನಿಂದ ದೀಪದ ಫೋಟೊವನ್ನು ಅದರ ಮೇಲೆ ತನ್ನಿ. ಮೇಲಿನ ಲೇಯರ್‌ನ ಮೋಡ್, ಅಂದರೆ ಅದು ಕೆಳಗಿನದರೊಡನೆ ಬೆರೆಯುವ ಬಗೆ, ‘ಡಿಫರೆನ್ಸ್’ ಮಾಡಿ, ಮೂವ್ ಟೂಲ್ ಹಿಡಿದು ಬಾಣದ ಕೀಲಿಗಳಿಂದ ಒಂದೊಂದೇ ಪಿಕ್ಸೆಲ್ ಸರಿಸಿ. ಕಟ್ಟಡದ ಅಂಚುಗಳ ಜೋಡಿಗೆರೆ ಮಾಯವಾದಾಗ ಎರಡೂ ಕೂತಿವೆ ಎಂದರ್ಥ. ಮೋಡ್ ಮತ್ತೆ ‘ನಾರ್ಮಲ್’ ಮಾಡಿ.

ಈಗ ಮೇಲಿನ ಲೇಯರ್ ಮೇಲೆ ಬಲ ಕ್ಲಿಕ್, ‘ಆ್ಯಡ್ ಲೇಯರ್ ಮಾಸ್ಕ್’, ‘ವೈಟ್’. ಪಟ್ಟಿಯಲ್ಲಿ ಫೋಟೊದ ಪುಟ್ಟ ಚಿತ್ರದ ಪಕ್ಕ ಒಂದು ಬಿಳಿ ಚೌಕ ಬರುತ್ತದೆ. ಆ ಚೌಕವೇ ಮಾಸ್ಕ್. ಅದರಲ್ಲಿ ಬಿಳಿ ಇರುವ ಕಡೆ ಲೇಯರ್ ಕಾಣುತ್ತದೆ, ಕಪ್ಪು ಇರುವ ಕಡೆ ಮರೆಯಾಗಿ ಕೆಳಗಿನದು ಕಾಣುತ್ತದೆ, ಬೂದು ಇದ್ದರೆ ಎರಡೂ ಬೆರೆಯುತ್ತವೆ. ಏನೂ ಅಳಿಯುವುದಿಲ್ಲ, ಕಪ್ಪು ಹೆಚ್ಚಾಯಿತೆಂದರೆ ಬಿಳಿ ಬಳಿದರೆ ವಾಪಸ್ ಬರುತ್ತದೆ. ಇದೊಂದೇ ಕಾರಣಕ್ಕೆ ಎರೇಸರ್‌ಗಿಂತ ಮಾಸ್ಕ್ ಎಷ್ಟೋ ಮೇಲು.

ತಪ್ಪುವುದು ಇಲ್ಲೇ. ಒಂದೇ ಸಾಲಿನಲ್ಲಿ ಎರಡು ಚಿತ್ರಗಳಿವೆ, ಒಂದು ಫೋಟೊ, ಒಂದು ಮಾಸ್ಕ್. ಬ್ರಷ್ ಎರಡರಲ್ಲಿ ಒಂದರ ಮೇಲೆ ಮಾತ್ರ ಬಳಿಯುತ್ತದೆ, ಕೊನೆಯ ಸಲ ಯಾವುದನ್ನು ಕ್ಲಿಕ್ ಮಾಡಿದ್ದೀರೋ ಅದರ ಮೇಲೆ. ಆಕಾಶಕ್ಕೆ ಕಪ್ಪು ಬಳಿದಾಗ ನೀಲಿ ಮೂಡದೆ ಕಪ್ಪು ಮಸಿಯೇ ಮೆತ್ತಿಕೊಂಡರೆ ನೀವಿರುವುದು ಫೋಟೊದ ಮೇಲೆ. ಕಂಟ್ರೋಲ್-ಝಡ್ ಒತ್ತಿ, ಮಾಸ್ಕ್‌ನ ಚೌಕವನ್ನು ಕ್ಲಿಕ್ ಮಾಡಿ, ಮತ್ತೆ ಬಳಿಯಿರಿ. ಅನುಮಾನವಿದ್ದರೆ ಲೇಯರ್ ಮೆನುವಿನ ಮಾಸ್ಕ್ ವಿಭಾಗದಲ್ಲಿ ‘ಎಡಿಟ್ ಲೇಯರ್ ಮಾಸ್ಕ್’ ಮುಂದೆ ಗುರುತು ಇದೆಯೇ ನೋಡಿ. ಏನೂ ಬದಲಾಗದಿದ್ದರೆ ಬಿಳಿಯ ಮೇಲೆ ಬಿಳಿ ಬಳಿಯುತ್ತಿದ್ದೀರಿ: ಡಿ ಒತ್ತಿದರೆ ಬಣ್ಣಗಳು ಕಪ್ಪು-ಬಿಳಿಗೆ ಬರುತ್ತವೆ, ಎಕ್ಸ್ ಒತ್ತಿದರೆ ಅದಲುಬದಲಾಗುತ್ತವೆ. ಮಾಸ್ಕ್ ಮೇಲೆ ಕೆಂಪು ಹಿಡಿದು ಬಳಿದರೂ ಬೀಳುವುದು ಬೂದು ಬಣ್ಣವೇ.

ಗುಮ್ಮಟಗಳ ಅಂಚನ್ನು ಬ್ರಷ್‌ನಿಂದ ಸುತ್ತುವುದು ಬೇಸರದ ಕೆಲಸ. ಅದಕ್ಕೊಂದು ಒಳದಾರಿ ಇದೆ, ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಮಾಸ್ಕ್ ಸೇರಿಸುವಾಗ ‘ವೈಟ್’ ಬದಲು ‘ಗ್ರೇಸ್ಕೇಲ್ ಕಾಪಿ ಆಫ್ ಲೇಯರ್’ ಆಯ್ದುಕೊಳ್ಳಿ. ಫೋಟೊದ ಬೆಳಕೇ ಮಾಸ್ಕ್ ಆಗುತ್ತದೆ: ಬಲ್ಬುಗಳಿರುವ ಕಡೆ ಬಿಳಿ, ಆಕಾಶವಿರುವ ಕಡೆ ತಾನಾಗಿಯೇ ಕಪ್ಪು. ಬಲ್ಬಿನ ಸುತ್ತಲಿನ ಹೊಳಪು ಬೂದಾಗಿ ಉಳಿಯುವುದರಿಂದ ಕತ್ತರಿಸಿ ಅಂಟಿಸಿದಂತೆ ಕಾಣುವುದಿಲ್ಲ. ಗೋಡೆಗಳು ಮಸುಕಾದರೆ ಮಾಸ್ಕ್ ಆಯ್ಕೆಯಲ್ಲಿರುವಾಗಲೇ ಕಲರ್ಸ್ ಮೆನುವಿನ ‘ಲೆವೆಲ್ಸ್’ ತೆರೆದು ‘ಇನ್‌ಪುಟ್’ ಕಡೆಯ ಬಲತುದಿಯ ಬಿಳಿ ಗುಂಡಿಯನ್ನು 255ರಿಂದ 150ರ ಹತ್ತಿರಕ್ಕೆ ಎಳೆಯಿರಿ.

ಮಾಸ್ಕೇ ಬೇಡವೆಂದರೆ ಮೇಲಿನ ಲೇಯರ್‌ಗೆ ‘ಲೈಟನ್ ಓನ್ಲಿ’ ಮೋಡ್ ಕೊಟ್ಟು ನೋಡಬಹುದು. ಎರಡು ಫೋಟೊಗಳಲ್ಲಿ ಯಾವ ಪಿಕ್ಸೆಲ್ ಬೆಳಗಿದೆಯೋ ಅದು ಗೆಲ್ಲುತ್ತದೆ. ಆದರೆ ಮುಸ್ಸಂಜೆಯ ಫೋಟೊದಲ್ಲಿ ಬಿಳಿ ಅಂಗಿಯವರು ಓಡಾಡಿದ್ದರೆ ಕತ್ತಲೆಯ ಅಂಗಳದಲ್ಲಿ ಅವರೂ ಮೂಡುತ್ತಾರೆ. ಅಂಥ ಕಡೆ ‘ನಾರ್ಮಲ್’ ಮೋಡ್‌ಗೆ, ಮಾಸ್ಕ್‌ಗೇ ಮರಳಿ, ಅಂಗಳದ ಭಾಗವನ್ನು ಪೂರ್ತಿ ಬಿಳಿ ಮಾಡಿಬಿಡಿ.

ಪಾಸ್‌ಪೋರ್ಟ್ ಅಳತೆ

35×45 ಮಿ.ಮೀ. ಫೋಟೊಗೆ ಕ್ರಾಪ್ ಟೂಲ್‌ನ ‘ಫಿಕ್ಸ್ಡ್’ ಜಾಗದಲ್ಲಿ 35:45 ಅನುಪಾತ ಹಾಕಿ, ಆಮೇಲೆ ‘ಸ್ಕೇಲ್ ಇಮೇಜ್’ನಲ್ಲಿ 413×531 ಪಿಕ್ಸೆಲ್, 300 ಪಿಪಿಐ (ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ) ಕೊಡಿ. 4×6 ಇಂಚಿನ ಕಾಗದ ಅದೇ 300ಕ್ಕೆ 1200×1800 ಪಿಕ್ಸೆಲ್. ಇದರಲ್ಲಿ ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು, ಒಟ್ಟು ಎಂಟು ಫೋಟೊ ಹಿಡಿಯುತ್ತವೆ, ಕತ್ತರಿಸಲು ಜಾಗವೂ ಉಳಿಯುತ್ತದೆ. ಚಿಕ್ಕ ಫೋಟೊ ಹಿಗ್ಗಿಸಿ 413 ಮಾಡಿದರೆ ಮಸುಕೇ ಬರುತ್ತದೆ, ಪಿಪಿಐ ಸಂಖ್ಯೆ ಬದಲಿಸಿದರೆ ಸ್ಪಷ್ಟತೆ ಹುಟ್ಟುವುದಿಲ್ಲ.

ಕನ್ನಡ ಅಕ್ಷರ

ಟೆಕ್ಸ್ಟ್ ಟೂಲ್‌ನಲ್ಲಿ ಯೂನಿಕೋಡ್ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತದೆ. ನೋಟೊ ಸಾನ್ಸ್ ಕನ್ನಡ ಅಥವಾ ತುಂಗಾ ಫಾಂಟ್ ಸಾಕು. ‘ನುಡಿ’ ತಂತ್ರಾಂಶದ ಹಳೆಯ ಫೈಲಿನಿಂದ ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ‘ರಾಷ್ಟ್ರ’ದಂಥ ಪದದ ಒತ್ತುಗಳು ಕೆಳಸಾಲಿಗೆ ತಗುಲಿದರೆ ಲೈನ್ ಸ್ಪೇಸಿಂಗ್ ಹೆಚ್ಚಿಸಿ.

ಸೇವ್ ಮತ್ತು ಎಕ್ಸ್‌ಪೋರ್ಟ್

ಕಂಟ್ರೋಲ್-ಎಸ್ ಕೊಟ್ಟರೆ ಗಿಂಪ್ ತನ್ನದೇ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸುತ್ತದೆ, ಲೇಯರ್ ಮತ್ತು ಮಾಸ್ಕ್ ಅದರಲ್ಲಿ ಹಾಗೇ ಇರುತ್ತವೆ. ಜೆಪೆಗ್ ಬೇಕೆಂದರೆ ಕಂಟ್ರೋಲ್-ಶಿಫ್ಟ್-ಇ. ಎಕ್ಸ್‌ಪೋರ್ಟ್‌ಗೆ ಮುಂಚೆ ಲೇಯರ್‌ಗಳನ್ನು ಒಂದುಗೂಡಿಸುವ ಅಗತ್ಯವಿಲ್ಲ, ಅದು ತಾನೇ ಮಾಡಿಕೊಳ್ಳುತ್ತದೆ. ಪ್ರಿಂಟ್‌ಗೆ ಕ್ವಾಲಿಟಿ 90 ಇಡಿ. ಆನ್‌ಲೈನ್ ಅರ್ಜಿಯಲ್ಲಿ 50 ಕೆಬಿ ಮಿತಿ ಇದ್ದರೆ ‘ಶೋ ಪ್ರಿವ್ಯೂ’ ಗುರುತು ಹಾಕಿ ಕ್ವಾಲಿಟಿ ಇಳಿಸುತ್ತಾ ಬನ್ನಿ, ಫೈಲ್ ಗಾತ್ರ ಅಲ್ಲೇ ಕಾಣುತ್ತದೆ. 60ಕ್ಕಿಂತ ಕೆಳಗೆ ಇಳಿಸಬೇಕಾಗಿ ಬಂದರೆ ಕ್ವಾಲಿಟಿ ಬಿಟ್ಟು ಪಿಕ್ಸೆಲ್ ಅಳತೆಯನ್ನೇ ಕಡಿಮೆ ಮಾಡಿ. ಇಲ್ಲದಿದ್ದರೆ ಕೆನ್ನೆಯ ಮೇಲೆ ಚೌಕಚೌಕ ಕಲೆ ಏಳುತ್ತದೆ.