ಪಿಕಪ್ ಬದಲಿಸುವ ಮೊದಲು ಸ್ಕೇಲು, ಮೀಟರು ಕೈಗೆತ್ತಿಕೊಳ್ಳಿ

ಹತ್ತು ಹದಿನೈದು ಸಾವಿರದ ಎಲೆಕ್ಟ್ರಿಕ್ ಗಿಟಾರ್ ಒಂದೆರಡು ಮಳೆಗಾಲ ಕಂಡ ಮೇಲೆ ಅದರ ಮೇಲೆ ದೂರು ಶುರುವಾಗುತ್ತದೆ. ಸದ್ದು ಮಂಕು, ಸುಮ್ಮನಿದ್ದರೂ ಗುಂಯ್, ಡಿಸ್ಟಾರ್ಷನ್ ಹಾಕಿದರೆ ಕಾರ್ಡ್ ಎಲ್ಲ ಕಲಸುಮೇಲೋಗರ. ಎಲ್ಲದಕ್ಕೂ ಜನ ಹೇಳುವ ಮದ್ದು ಮಾತ್ರ ಒಂದೇ: ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತ–ಸುರುಳಿಯ ಭಾಗ, ಬದಲಾಯಿಸು. ಈ ದೂರುಗಳಲ್ಲಿ ಪಿಕಪ್ಪಿನಿಂದಲೇ ವಾಸಿಯಾಗುವುದು ಮುಖ್ಯವಾಗಿ ಕೊನೆಯದು. ಮೊದಲಿನ ಎರಡರ ಬೇರು ಹೆಚ್ಚಾಗಿ ಬೇರೆ ಕಡೆ ಇರುತ್ತದೆ.

ಗುಂಯ್ ಸದ್ದನ್ನೇ ನೋಡಿ. ಕೊಡಗಿನಲ್ಲಿ ಕಕ್ಕಡದ (ಜುಲೈ–ಆಗಸ್ಟಿನ) ಮಳೆಗೆ ಮರ ಬಿದ್ದು ಕರೆಂಟು ಹೋಗುತ್ತದೆ, ಮನೆ ಇನ್ವರ್ಟರಿಗೆ ತಿರುಗುತ್ತದೆ. ಅದು ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್ಪಿನ) ಗಿಟಾರ್ ಜೇನುಗೂಡಿಗೆ ಕಲ್ಲು ಹೊಡೆದಂತೆ ಗುಯ್‌ಗುಡುತ್ತದೆ. ಮೊದಲು ಇನ್ವರ್ಟರನ್ನೂ ಡಿಮ್ಮರ್ ಇರುವ ದೀಪಗಳನ್ನೂ ಆರಿಸಿ, ಬ್ಯಾಟರಿ ಆಂಪ್‌ನಲ್ಲಿ ಕೇಳಿ. ಆಮೇಲೆ ಗಿಟಾರ್ ಹಿಡಿದು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ತಿರುಗಿದ ಹಾಗೆ ಸದ್ದು ಏರಿಳಿದರೆ ಅದು ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. ಹಂಬಕರ್ ಅದನ್ನು ತಗ್ಗಿಸುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ ಹಂಬಕರ್ ರೂಪಿಸಿದ್ದೇ ಈ ಗುಂಯ್ ಕಳೆಯಲು. ಹೇಗೆ ತಿರುಗಿದರೂ ಸದ್ದು ಅಷ್ಟೇ ಇದ್ದು, ತಂತಿ ಮುಟ್ಟಿದ ಕೂಡಲೇ ಇಳಿದರೆ ಪಿಕಪ್ ಕೂರುವ ಒಳಗಿನ ಕುಳಿಗೆ ಶೀಲ್ಡಿಂಗ್ (ಗುಂಯ್ ತಡೆಯುವ ಲೋಹದ ಹೊದಿಕೆ) ಇಲ್ಲ ಎಂದರ್ಥ. ತಾಮ್ರದ ಟೇಪ್ ಹಚ್ಚಿ, ಟೇಪಿನ ತುಂಡುಗಳ ನಡುವೆ ಸಂಪರ್ಕ ಇದೆಯೇ ಎಂದು ಮೀಟರಿನಲ್ಲಿ ನೋಡಿ, ಗ್ರೌಂಡಿಗೆ ಸೇರಿಸಿದರೆ ಸಾಕು. ತಂತಿ ಮುಟ್ಟಿದಾಗ ಸಣ್ಣಗೆ ಜುಮ್ ಎಂದರೆ ಮಾತ್ರ ಗಿಟಾರ್ ಕೆಳಗಿಟ್ಟು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಅದು ಅರ್ಥಿಂಗ್ ದೋಷ, ಜೀವದ ಪ್ರಶ್ನೆ.

ಮಂಕು ಸದ್ದಿಗೆ ಮೊದಲ ಆರೋಪಿ ತಂತಿ. ಭಾಗಮಂಡಲ, ಮಡಿಕೇರಿ ಕಡೆಯ ತೇವದಲ್ಲಿ ಹೊಸ ಸೆಟ್ಟು ಕೂಡ ಬೇಗ ತುಕ್ಕು ಹಿಡಿಯುತ್ತದೆ. ಕುಶಾಲನಗರದ ಒಣಹವೆಯಲ್ಲಿ ಇನ್ನಷ್ಟು ದಿನ ಬಾಳುತ್ತದೆ. ಎರಡನೆಯದು ಕೇಬಲ್. ಸಾಮಾನ್ಯ ಕೇಬಲ್ಲಿನ ಪ್ರತಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಧಾರಕತೆ ಇರುತ್ತದೆ. ಹೋಂಸ್ಟೇ ಅಂಗಳದಲ್ಲಿ ನುಡಿಸಲೆಂದು 10 ಮೀಟರ್ ಕೇಬಲ್ ಎಳೆದರೆ ಮೇಲಿನ ಸ್ವರಗಳ ಹೊಳಪು ಅಲ್ಲೇ ಸೋರಿಹೋಗುತ್ತದೆ. 3 ಮೀಟರಿನದನ್ನು ಚುಚ್ಚಿ ಕೇಳಿ ನೋಡಿ.

ಮೂರನೆಯದು ಪಿಕಪ್ಪಿನ ಎತ್ತರ. ಇದನ್ನು ಯಾರೂ ಮುಟ್ಟುವುದೇ ಇಲ್ಲ, ಖರ್ಚಿಲ್ಲದ ಕೆಲಸ ಎಂಬ ಕಾರಣಕ್ಕೋ ಏನೋ. ಆರನೆಯ (ದಪ್ಪ) ತಂತಿಯನ್ನು, ಆಮೇಲೆ ಮೊದಲನೆಯದನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿಹಿಡಿದು, ಪೋಲಿನ (ಪಿಕಪ್ಪಿನಲ್ಲಿ ತಂತಿಯಡಿ ಕಾಣುವ ಲೋಹದ ಕಡ್ಡಿಯ) ತಲೆಯಿಂದ ತಂತಿಯ ತಳದವರೆಗೆ ಅಳೆಯಿರಿ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಮಾದರಿಯ ಸಿಂಗಲ್ ಕಾಯಿಲ್ ಆದರೆ ದಪ್ಪ ತಂತಿಯ ಕಡೆ 2.4 ಮಿ.ಮೀ., ಸಣ್ಣ ತಂತಿಯ ಕಡೆ 2 ಮಿ.ಮೀ. ಹಂಬಕರ್ ಆದರೆ ನೆಕ್ (ಗಿಟಾರಿನ ಕುತ್ತಿಗೆ) ಹತ್ತಿರದ ಪಿಕಪ್ಪಿಗೆ 2.4, ಬ್ರಿಜ್ (ಮೈಮೇಲೆ ತಂತಿ ಕೂರುವ ತುದಿ) ಹತ್ತಿರದ ಪಿಕಪ್ಪಿಗೆ 1.6ರಿಂದ ಶುರುಮಾಡಿ, ಸ್ಕ್ರೂವನ್ನು ಅರ್ಧರ್ಧ ಸುತ್ತು ತಿರುಗಿಸುತ್ತ ಕೇಳಿ. ಅಲ್ನಿಕೋ (ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಅಯಸ್ಕಾಂತ) ಕಡ್ಡಿಗಳ ಪಿಕಪ್ ತೀರಾ ಮೇಲೆ ಬಂದರೆ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ. 12ನೇ ಫ್ರೆಟ್ಟಿನಿಂದಾಚೆ ದಪ್ಪ ತಂತಿ ನುಡಿಸಿದರೆ ಒಂದೇ ಸ್ವರದಲ್ಲಿ ಎರಡು ಸ್ವರ ತೇಲಾಡಿದಂತೆ ಕೇಳುತ್ತದೆ, ಶ್ರುತಿ ನಿಲ್ಲುವುದಿಲ್ಲ. ಇಂಟೊನೇಷನ್ (ಎಲ್ಲ ಫ್ರೆಟ್ಟುಗಳಲ್ಲೂ ಶ್ರುತಿ ಸರಿಯಿರುವುದು) ಕೆಟ್ಟಿದೆ ಎಂದು ಬ್ರಿಜ್ ತಿರುವುತ್ತ ಕೂರುವವರು ಮೊದಲು ಪಿಕಪ್ಪನ್ನು 1 ಮಿ.ಮೀ. ಇಳಿಸಲಿ.

ಇಷ್ಟಾದ ಮೇಲೂ ಡಿಸ್ಟಾರ್ಷನ್‌ನಲ್ಲಿ ಕಲಸಿಹೋಗುತ್ತಿದ್ದರೆ, ಅಥವಾ ಪಿಕಪ್ ಮೇಲೆ ಉಗುರಿನಿಂದ ಕುಟ್ಟಿದರೆ ಮೈಕಿನ ಹಾಗೆ ಟಕ್ ಟಕ್ ಕೇಳಿ ಜೋರಾದಾಗ ಕೀರಲು ಶಿಳ್ಳೆ ಬರುತ್ತಿದ್ದರೆ, ಪಿಕಪ್ ಕೊಳ್ಳಲು ಕಾರಣವಿದೆ. ಗಿಟಾರಿನ ಮೂರು ಪಿಕಪ್ಪುಗಳನ್ನೂ ಒಟ್ಟಿಗೆ ಬದಲಿಸಬೇಡಿ. ಬ್ರಿಜ್ ಒಂದೇ ಸಾಕು. ಅಗ್ಗದ ಗಿಟಾರಿನಲ್ಲಿ ನೆಕ್ ಪಿಕಪ್ ಸಾಮಾನ್ಯವಾಗಿ ಸಹಿಸುವ ಹಾಗಿರುತ್ತದೆ, ಚುಚ್ಚುವುದು ಬ್ರಿಜ್ಜಿನದು.

ಅಂಗಡಿಯವರು ಕಿಲೋ ಓಮ್ ಲೆಕ್ಕ ಹೇಳುತ್ತಾರೆ. ಹಳೇ ಶೈಲಿಯ ಸಿಂಗಲ್ ಕಾಯಿಲ್ 5.5ರಿಂದ 6.5, ಹಳೇ ಶೈಲಿಯ ಹಂಬಕರ್ 7.5ರಿಂದ 8.5, ಬಿರುಸಿನವು 12ರಿಂದ 16. ಇದು ಸುರುಳಿಯ ರೋಧ, ಸದ್ದಿನ ಬಲವಲ್ಲ. 42 ಗೇಜಿನ ಬದಲು ಇನ್ನೂ ತೆಳುವಾದ 43 ಗೇಜ್ ತಂತಿ ಸುತ್ತಿದರೆ ಸುತ್ತು ಅಷ್ಟೇ ಇದ್ದರೂ ಓಮ್ ಏರುತ್ತದೆ. ಸುಮಾರು 14 ಕಿಲೋ ಓಮಿನ, ಡಿಮಾರ್ಜಿಯೋ ಕಂಪನಿಯ ಸೂಪರ್ ಡಿಸ್ಟಾರ್ಷನ್ ಹಂಬಕರ್, 16ರ ಆಸುಪಾಸಿನ, ಸೆಮೋರ್ ಡಂಕನ್ ಕಂಪನಿಯ ಜೆಬಿಗಿಂತ ಮೆದುವೇನಲ್ಲ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ. 0.4ರಷ್ಟು ಬದಲಾಗುತ್ತದೆ ಬೇರೆ: 25 ಡಿಗ್ರಿಯಲ್ಲಿ 8 ತೋರಿಸಿದ ಪಿಕಪ್ ಮಡಿಕೇರಿಯ 15 ಡಿಗ್ರಿಯ ಬೆಳಗಿನಲ್ಲಿ 7.7 ತೋರಿಸುತ್ತದೆ. ಮೋಸಹೋದೆ ಎಂದು ಕೊರಿಯರ್‌ನಲ್ಲಿ ವಾಪಸು ಕಳಿಸಬೇಡಿ.

ಅಯಸ್ಕಾಂತ ಯಾವುದೆಂದು ತಿಳಿಯಲು ಸಿಂಗಲ್ ಕಾಯಿಲನ್ನು ಮಗುಚಿ ನೋಡಿ. ತಳದಲ್ಲಿ ಕಪ್ಪು ಪಟ್ಟಿ ಅಂಟಿಸಿದ್ದರೆ ಸೆರಾಮಿಕ್, ಮೇಲೆ ಕಾಣುವುದು ಬರೀ ಉಕ್ಕಿನ ಕಡ್ಡಿ. ಪಟ್ಟಿ ಇಲ್ಲದೆ ಕಡ್ಡಿಗಳೇ ಸೂಜಿಯನ್ನು ಬಿಗಿಯಾಗಿ ಎಳೆದರೆ ಅಲ್ನಿಕೋ. ಸೆರಾಮಿಕ್ ಅಂದರೆ ಕಳಪೆ ಎಂಬ ಮಾತಿಗೆ ಅರ್ಥವಿಲ್ಲ. ಮೇಲೆ ಹೇಳಿದ ಸೂಪರ್ ಡಿಸ್ಟಾರ್ಷನ್ ಕೂಡ ಸೆರಾಮಿಕ್ಕೇ. ಚರ್ಚಿನಲ್ಲಿ ಕ್ಲೀನ್ ನುಡಿಸುವವರಿಗೆ ಅಲ್ನಿಕೋ 5ರ ಮಧ್ಯಮ ಬಲದ ಪಿಕಪ್ ಒಗ್ಗುತ್ತದೆ. ಸಣ್ಣ ಆಂಪ್‌ನಲ್ಲಿ ಮೆಟಲ್ ನುಡಿಸುವವರೂ 16 ಕಿಲೋ ಓಮಿನದಕ್ಕೆ ಹಾರಬೇಕಿಲ್ಲ, ಆಂಪಿನಲ್ಲೇ ಗೇನ್ ಬೇಕಾದಷ್ಟಿರುತ್ತದೆ.

ಈಗ ಸ್ಕೇಲು. ಪಿಕಪ್ಪಿನ ಮೇಲೆ ಮೊದಲ ಮತ್ತು ಆರನೆಯ ತಂತಿಗಳ ನಡುವಿನ ಅಂತರ ಅಳೆಯಿರಿ. ಸ್ಟ್ರಾಟ್ ಮಾದರಿಯ ಬ್ರಿಜ್ ಬಳಿ ಅದು ಸುಮಾರು 52 ಮಿ.ಮೀ.; ಗಿಬ್ಸನ್ ಅಳತೆಯ ಹಂಬಕರಿನ ಪೋಲುಗಳು 49–50. ತಂತಿ ಪೋಲಿನ ನೆತ್ತಿಯಿಂದ 1 ಮಿ.ಮೀ. ಸರಿದರೆ ಕಿವಿಗೆ ಗೊತ್ತಾಗದು. ಆದರೆ 52ರ ಸಿಂಗಲ್ ಕಾಯಿಲಿಗೆ ಹಳೆಯ 50ರ ಪ್ಲಾಸ್ಟಿಕ್ ಮುಚ್ಚಳ ಕೂರುವುದೇ ಇಲ್ಲ, ಮುಚ್ಚಳ ಸಮೇತವೇ ತರಿಸಿ. ಮೂರು ಸಿಂಗಲ್ ಕಾಯಿಲಿನ ಗಿಟಾರಿಗೆ ಹಂಬಕರ್ ಬೇಕೆಂದರೆ ಪಿಕ್‌ಗಾರ್ಡ್ (ಪಿಕಪ್‌ಗಳನ್ನು ಕೂರಿಸಿದ ಪ್ಲಾಸ್ಟಿಕ್ ಹಲಗೆ) ಬಿಚ್ಚಿ ಒಳಗೆ ನೋಡಿ. ಕುಳಿ ಮೊದಲೇ ಅಗಲವಾಗಿ ಕೊರೆದಿದ್ದರೆ ಹೊಸ ಪಿಕ್‌ಗಾರ್ಡ್ ಸಾಕು. ಇಲ್ಲವೆಂದರೆ ಸಿಂಗಲ್ ಕಾಯಿಲ್ ಗಾತ್ರದ ರೈಲ್ ಹಂಬಕರ್ (ಪೋಲುಗಳ ಬದಲು ಉದ್ದ ಪಟ್ಟಿಯದು) ಕೊಳ್ಳಿ, ಉಳಿ ಹಿಡಿಯಬೇಡಿ.

ಪಾಟ್ (ವಾಲ್ಯೂಮ್, ಟೋನ್ ತಿರುಗುಗುಂಡಿಗಳ ಅಡಿಯ ರೋಧಕ) ಸಿಂಗಲ್ ಕಾಯಿಲಿಗೆ 250 ಕಿಲೋ ಓಮ್, ಹಂಬಕರಿಗೆ 500. ಹಂಬಕರನ್ನು 250ಕ್ಕೆ ಕಟ್ಟಿದರೆ ಅದೇ ಮಂಕು ಮರಳಿ ಬರುತ್ತದೆ. ಗಿಟಾರಿನೊಳಗಿನದು ಸಣ್ಣ ಪಾಟ್ ಆಗಿದ್ದರೆ ದೊಡ್ಡ ಪಾಟಿನ 9.5 ಮಿ.ಮೀ. ಕುತ್ತಿಗೆ ಹಳೆಯ ತೂತಿಗೆ ಇಳಿಯದು. ಸಣ್ಣದನ್ನೇ ತರಿಸುವುದು ಲೇಸು.

ಬೆಸುಗೆಗೆ 40 ವ್ಯಾಟಿನ ಐರನ್, 60/40 ತವರ–ಸೀಸದ ತಂತಿ. ಮೊಬೈಲ್ ರಿಪೇರಿಯ ಪುಟ್ಟ ಐರನ್ ಪಾಟಿನ ಬೆನ್ನನ್ನು ಕಾಯಿಸಲಾರದು. ಸೀಸ ಮುದ್ದೆಯಾಗಿ ಕೂತು, ತಿಂಗಳೊಳಗೆ ಕಿತ್ತುಬರುತ್ತದೆ. ನಮ್ಮ ತೇವಕ್ಕೆ ಆ ಬೆನ್ನು ಕಪ್ಪಗಾಗಿರುತ್ತದೆ, ಮರಳು ಕಾಗದದಲ್ಲಿ ಹೊಳೆಯುವಷ್ಟು ಉಜ್ಜಿ. ನಾಲ್ಕು ವೈರು ಹೊರಬರುವ ಹಂಬಕರಿನಲ್ಲಿ ಬಣ್ಣದ ಲೆಕ್ಕ ಕಂಪನಿಗೊಂದು. ಡಂಕನ್‌ನಲ್ಲಿ ಕಪ್ಪು ಹಾಟ್ (ಸದ್ದಿನ ಸಂಕೇತ ಹೊರುವ ವೈರು), ಕೆಂಪು–ಬಿಳಿ ಒಟ್ಟಿಗೆ ಬೆಸೆದು ಟೇಪ್. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು–ಬಿಳಿ ಒಟ್ಟಿಗೆ. ಎರಡರಲ್ಲೂ ಹಸಿರು ಮತ್ತು ಬೋಳು ತಂತಿ ಗ್ರೌಂಡಿಗೆ.

ಹೊಸದೂ ಹಳೆಯದೂ ಒಟ್ಟಿಗೆ ನುಡಿದಾಗ ಸದ್ದು ಮೂಗಿನಲ್ಲಿ ಮಾತಾಡಿದಷ್ಟು ತೆಳ್ಳಗಾದರೆ ಫೇಸ್ (ಎರಡು ಸಂಕೇತಗಳ ಏರಿಳಿತದ ದಿಕ್ಕು) ತಿರುಗುಮುರುಗಾಗಿದೆ. ಇದನ್ನು ಬೆಸೆಯುವ ಮೊದಲೇ ತಿಳಿಯಬಹುದು. ಮೀಟರನ್ನು 20 ಕಿಲೋ ಓಮಿಗಿಟ್ಟು ಪಿಕಪ್ಪಿಗೆ ಹಚ್ಚಿ, ಪೋಲಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಚಕ್ಕನೆ ಮೇಲಕ್ಕೆಳೆಯಿರಿ. ಅಂಕಿ ಒಂದು ಕ್ಷಣ ಮೇಲಕ್ಕೋ ಕೆಳಕ್ಕೋ ಜಿಗಿಯುತ್ತದೆ. ಹಳೆಯದನ್ನೂ ಹೀಗೇ ನೋಡಿ, ಎರಡರಲ್ಲೂ ಕೆಂಪು ಮೀಟರ್ ಕಡ್ಡಿ ಹಾಟ್ ತಂತಿಗೇ ಇರಲಿ. ಜಿಗಿತ ವಿರುದ್ಧವಾದರೆ ಹೊಸದರ ಹಾಟ್ ಮತ್ತು ಹಸಿರು ಅದಲುಬದಲು ಮಾಡಿ. ಬೋಳು ತಂತಿ ಗ್ರೌಂಡಿನಲ್ಲೇ ಉಳಿಯಲಿ.

ತಂತಿ ಏರಿಸುವ ಮುಂಚೆ ಕೇಬಲ್ ಚುಚ್ಚಿ, ಸ್ವಿಚ್ಚನ್ನು ಒಂದೊಂದೇ ಸ್ಥಾನಕ್ಕೆ ಸರಿಸುತ್ತ ಪ್ರತಿ ಪಿಕಪ್ಪನ್ನೂ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿ. ತಟ್ಟಿದ್ದು ಒಂದು, ಕೇಳಿದ್ದು ಇನ್ನೊಂದು ಆದರೆ ಐರನ್ ಇನ್ನೂ ಬಿಸಿಯಿರುವಾಗಲೇ ಸರಿಮಾಡಬಹುದು. ಬಿಚ್ಚಿದ ಹಳೆಯ ಪಿಕಪ್ಪನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಗಿಟಾರನ್ನು ಮಾತ್ರ ಬೂಷ್ಟಿನ ಭಯಕ್ಕೆ ಒಲೆಯ ಹತ್ತಿರ ತೂಗುಹಾಕಬೇಡಿ: ಪಿಕಪ್ಪಿಗೆ ಏನೂ ಆಗದಿದ್ದರೂ ನೆಕ್ ಬಾಗುತ್ತದೆ.