ಬಿಸಿಲಿಗೆ ಮೈಯೊಡ್ಡಿ ಸತ್ತ ಹೆಬ್ಬಾವುಗಳು

2010ರ ಜನವರಿ. ಅಮೆರಿಕದ ಫ್ಲಾರಿಡಾದಲ್ಲಿರುವ ಎವರ್‌ಗ್ಲೇಡ್ಸ್ ಜೌಗು ಕಾಡಿನಲ್ಲಿ ಹತ್ತು ಬರ್ಮಾ ಹೆಬ್ಬಾವುಗಳು ಹೊಟ್ಟೆಯೊಳಗೆ ರೇಡಿಯೋ ಇಟ್ಟುಕೊಂಡು ಓಡಾಡುತ್ತಿದ್ದವು. ಅವು ಎಲ್ಲಿ ಹೋಗುತ್ತವೆ ಎಂದು ತಿಳಿಯಲು ವಿಜ್ಞಾನಿಗಳೇ ಅದನ್ನು ಇಟ್ಟಿದ್ದರು. ಆ ತಿಂಗಳು ಅಲ್ಲಿ ಅಪರೂಪದ ಚಳಿ ಬಿತ್ತು. ಹತ್ತರಲ್ಲಿ ಒಂಬತ್ತು ಸತ್ತವು.

ಈ ಹಾವು ಆ ನೆಲದ್ದಲ್ಲ. ಸಾಕುವ ಹುಚ್ಚಿಗೆ ಏಷ್ಯಾದಿಂದ ತರಿಸಿದ್ದು. ಕೆಲವು ತಪ್ಪಿಸಿಕೊಂಡವು. ಇನ್ನು ಕೆಲವನ್ನು, ಮನೆಯಲ್ಲಿ ಹಿಡಿಸದಷ್ಟು ಬೆಳೆದ ಮೇಲೆ, ಸುಮ್ನೆ ಕಾಡಿಗೆ ಬಿಟ್ಟರು. ಹಾವುಗಳು ಹೆಚ್ಚಿದ ಕಡೆ ರಾತ್ರಿ ರಸ್ತೆಯಲ್ಲಿ ಕಾಣುವ ರಕೂನ್‌ ಎಂಬ ಸಣ್ಣ ಕಾಡುಪ್ರಾಣಿಗಳು ಶೇಕಡ 99ರಷ್ಟು ಕಡಿಮೆಯಾಗಿವೆ ಎಂದು 2012ರ ಅಧ್ಯಯನ ಹೇಳಿತು. ಹಾಗಾಗಿ ಚಳಿಯೇ ಇವುಗಳ ಕಥೆ ಮುಗಿಸಲಿ ಎಂದು ಆಸೆಪಟ್ಟವರನ್ನು ದೂರುವಂತಿಲ್ಲ.

ಹಾವಿಗೆ ನಮ್ಮಂತೆ ಒಳಗಿನಿಂದ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಮೈ ತಣ್ಣಗಾದರೆ ಸ್ನಾಯು ಮರಗಟ್ಟುತ್ತದೆ, ನುಂಗಿದ್ದು ಅರಗುವುದಿಲ್ಲ. ಆದರೆ ಕುತೂಹಲದ ವಿಷಯ ಬೇರೆಯೇ ಇದೆ. ಅದೇ ಚಳಿಯಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್ ಊರಿನಲ್ಲಿ ಬಯಲು ಆವರಣದಲ್ಲಿಟ್ಟಿದ್ದ ಒಂಬತ್ತು ಹೆಬ್ಬಾವುಗಳ ಪೈಕಿ ಏಳು ಸತ್ತವು, ಅಥವಾ ಜನ ಎತ್ತಿ ಒಳಗೆ ತರದಿದ್ದರೆ ಸಾಯುತ್ತಿದ್ದವು. ಬೆಚ್ಚಗಿನ ಗೂಡು ಪಕ್ಕದಲ್ಲೇ ಇತ್ತು! ಅದನ್ನು ಬಿಟ್ಟು ಬಿಸಿಲು ಕಾಯಲು ಹೊರಗೆ ಬಂದವು. ಬಿಸಿಲಿಗೆ ಬಲವಿರಲಿಲ್ಲ. ಮರಗಟ್ಟಿದ ಮೈಯನ್ನು ಎಳೆದುಕೊಂಡು ವಾಪಸ್ ಹೋಗುವುದು ಸುಲಭವೇ? ಬೆಚ್ಚನೆಯ ನಾಡಿನಲ್ಲಿ ಜೀವ ಉಳಿಸುವ ಅಭ್ಯಾಸವೇ ಇಲ್ಲಿ ಜೀವ ತೆಗೆಯಿತು.

ನಮ್ಮ ರಾಜಸ್ಥಾನದ ಭರತಪುರದ ಹೆಬ್ಬಾವುಗಳೂ ಚಳಿಗಾಲದಲ್ಲಿ ಬಿಸಿಲು ಕಾಯುತ್ತವೆ. ಆದರೆ ಕಾಯುವುದು ಮುಳ್ಳುಹಂದಿಯ ಬಿಲದ ಬಾಗಿಲಲ್ಲಿ. ತಣ್ಣಗಾದರೆ ಒಳಗೆ ಸರಿದುಬಿಡುತ್ತವೆ.

ಹಾಗಂತ ಎವರ್‌ಗ್ಲೇಡ್ಸ್ ಖಾಲಿಯಾಗಲಿಲ್ಲ. ಆ ಚಳಿಯ ಹೊತ್ತಿನಲ್ಲಿ ರೇಡಿಯೋ ಇಲ್ಲದ 99 ಹಾವುಗಳು ಕಣ್ಣಿಗೆ ಬಿದ್ದಿದ್ದವು. ಅವುಗಳಲ್ಲಿ 59 ಬದುಕಿದ್ದವು. ಚಳಿಗೆ ಮುಂಚಿನ ಮತ್ತು ನಂತರದ ಹಾವುಗಳ ಜೀನ್‌ಗಳನ್ನು ಹೋಲಿಸಿದ ಅಧ್ಯಯನ 2018ರಲ್ಲಿ ಬಂತು. ಶಾಖವನ್ನು ಗ್ರಹಿಸುವುದಕ್ಕೆ, ನಡವಳಿಕೆಗೆ ಸಂಬಂಧಿಸಿದ ಕೆಲವು ಜೀನ್‌ಗಳಲ್ಲಿ ಆಯ್ಕೆ ನಡೆದ ಗುರುತು ಸಿಕ್ಕಿತು. ಅಂದರೆ ಚಳಿ ಜರಡಿ ಹಿಡಿದಿತ್ತು, ತಡೆಯಬಲ್ಲವು ಉಳಿದವು. ಅದೇ ವರ್ಷದ ಇನ್ನೊಂದು ಅಧ್ಯಯನ ಸುಮಾರು 400 ಹಾವುಗಳನ್ನು ನೋಡಿದಾಗ 13ರಲ್ಲಿ ನಮ್ಮ ಭಾರತದ ಹೆಬ್ಬಾವಿನ ಬೆರಕೆಯೂ ಕಂಡಿತು. ನಮ್ಮದು ಒಣನೆಲಕ್ಕೂ ಒಗ್ಗುವ ಜಾತಿ, ಗೊತ್ತಲ್ವಾ?

ಫ್ಲಾರಿಡಾದಲ್ಲಿ ಮುಳ್ಳುಹಂದಿಯ ಬಿಲ ಇಲ್ಲ ನಿಜ. ಆದರೆ ಗೋಫರ್ ಆಮೆ ಇದೆ. ಅದು ಮರಳು ನೆಲದಲ್ಲಿ ಆಳವಾದ ಬಿಲ ತೋಡುತ್ತದೆ, ಒಳಗೆ ಚಳಿ ಅಷ್ಟು ಮುಟ್ಟುವುದಿಲ್ಲ. ಆ ಬಿಲಗಳಲ್ಲಿ ಹೆಬ್ಬಾವುಗಳು ಈಗಾಗಲೇ ಸಿಕ್ಕಿವೆ. ಆಮೆಯ ಬಿಲಗಳು ಫ್ಲಾರಿಡಾದಲ್ಲೇ ಮುಗಿಯುವುದಿಲ್ಲ, ಉತ್ತರಕ್ಕೆ ಜಾರ್ಜಿಯಾ ರಾಜ್ಯದಲ್ಲೂ ಇವೆ.